ರಷ್ಯಾದ ದೊರೆ ಬಾಡಿಗೆಗಿದ್ದ ಮನೆ

ಬೆಂಗಳೂರಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳೋದು ರೂಢಿ. ಗೋಡೆ ಹೊಸದರಂತಿದ್ರೂ ಅಷ್ಟೇ, ಮಕ್ಕಳು ಕ್ರೆಯಾನಿನಲ್ಲಿ ಗೀಚಿದ್ರೂ ಅಷ್ಟೇ. ಹತ್ತು ವರ್ಷ ಬಾಡಿಗೆಗಿದ್ದು ಈಗ ಒಂದು ಫ್ಲ್ಯಾಟಿನ ಓನರ್ ಆಗಿರೋ ನಂಗೆ ಈ ಲೆಕ್ಕ ಎರಡೂ ಕಡೆಯಿಂದ ಒಪ್ಪಿಗೆಯಾಗಿಲ್ಲ. ಹಾನಿಯ ಲೆಕ್ಕ ಹೇಗಿರಬೇಕು ಅನ್ನೋದಕ್ಕೆ ನಂಗೆ ಇಷ್ಟವಾದದ್ದು 1698ರ ಒಂದು ಪ್ರಸಂಗ.

ಲಂಡನ್ ಪಕ್ಕದ ಡೆಪ್ಟ್‌ಫರ್ಡಿನಲ್ಲಿ ಜಾನ್ ಈವ್ಲಿನ್ ಎಂಬಾತನ ಮನೆಯಿತ್ತು, ಹೆಸರು ಸೇಯ್ಸ್ ಕೋರ್ಟ್. ದಿನಚರಿ ಬರೆದು ಹೆಸರಾದವನು. ಮರಗಳ ಬಗ್ಗೆ 1664ರಲ್ಲಿ ‘ಸಿಲ್ವಾ’ ಅನ್ನೋ ಪುಸ್ತಕ ಬರೆದವನು. ಮನೆಯ ಸುತ್ತ ನಾಲ್ಕು ದಶಕ ತೋಟ ಬೆಳೆಸಿದ್ದ. ವಯಸ್ಸಾದ ಮೇಲೆ ಹಿರೀಕರ ಊರಿಗೆ ಹೋಗಿ, 1696ರಲ್ಲಿ ಮನೆಯನ್ನು ನೌಕಾಪಡೆಯ ಅಧಿಕಾರಿ ಬೆನ್‌ಬೋಗೆ ಬಾಡಿಗೆಗೆ ಕೊಟ್ಟ. ಈತ ತೋಟ ಸರಿಯಾಗಿ ನೋಡ್ಕೊಳ್ತಿಲ್ಲ ಅನ್ನೋ ಗೊಣಗಾಟ ಆಗಲೇ ಶುರುವಾಗಿತ್ತು. ಪಾಪ, ಮುಂದೆ ಬರೋದು ಯಾರು ಅಂತ ಗೊತ್ತಿರಲಿಲ್ಲ!

ಹಡಗು ಕಟ್ಟೋದು ಕಲಿಯಲು ಬಂದ ರಷ್ಯಾದ ದೊರೆ ಪೀಟರ್‌ಗೆ ಹಡಗುಕಟ್ಟೆಯ ಪಕ್ಕದ ಮನೆಯೇ ಬೇಕಿತ್ತು. ಬೆನ್‌ಬೋ ಅದನ್ನು ಒಳಬಾಡಿಗೆಗೆ ಕೊಟ್ಟ. ದೊರೆ ಮತ್ತವನ ದಂಡು ಸುಮಾರು ಮೂರು ತಿಂಗಳಿದ್ದು ಹೋಗುವಾಗ ಕಿಟಕಿ ಗಾಜು ಒಡೆದಿತ್ತು, ಕುರ್ಚಿ ಮುರಿದಿತ್ತು, ಚಿತ್ರಪಟಗಳು ಹರಿದಿದ್ದವು, ನೆಲದ ತುಂಬ ಜಿಡ್ಡು. ಈವ್ಲಿನ್‌ನ ಹೆಮ್ಮೆ ಹಾಲಿ ಗಿಡದ ಜೀವಂತ ಬೇಲಿ: ಅವನೇ ಬರೆದಂತೆ 400 ಅಡಿ ಉದ್ದ, 9 ಅಡಿ ಎತ್ತರ. ದೊರೆಯನ್ನು ಒಂಟಿಗಾಲಿ ಗಾಡಿಯಲ್ಲಿ ಕೂರಿಸಿ ಅದರೊಳಗೇ ನುಗ್ಗಿಸ್ತಿದ್ರು ಅನ್ನೋ ಕತೆ ಇಂದಿಗೂ ಹೇಳ್ತಾರೆ.

ಓನರ್ ಏನು ಮಾಡಿದ ನೋಡಿ. ಅಂದಾಜಿನಲ್ಲಿ ಒಂದು ಮೊತ್ತ ಕೂಗಲಿಲ್ಲ. ಅರಮನೆಯ ಸರ್ವೇಯರ್ ಕ್ರಿಸ್ಟೋಫರ್ ರೆನ್ (ಸೇಂಟ್ ಪಾಲ್ಸ್ ಕಟ್ಟಿದವನೇ) ಮತ್ತು ಅರಮನೆ ತೋಟಗಾರ ಲಂಡನ್ (ಅದು ಅವನ ಹೆಸರು!) ಇಬ್ಬರನ್ನೂ ಕರೆಸಿ ಅಳೆಸಿದ. ಕಟ್ಟಡಕ್ಕೆ ಕಟ್ಟಡದವನು, ಗಿಡಕ್ಕೆ ಗಿಡದವನು. ಒಟ್ಟು ಸುಮಾರು 350 ಪೌಂಡ್. ನಂಗೆ ಮುಖ್ಯ ಅನಿಸೋದು ಅದನ್ನು ಹಂಚಿದ ರೀತಿ: ಮನೆ, ತೋಟದ ಹಾನಿಗೆ ಈವ್ಲಿನ್‌ಗೆ 162, ಸಾಮಾನುಗಳು ಬೆನ್‌ಬೋನವು, ಹಾಗಾಗಿ ಅವನಿಗೆ 158, ಉಳಿದದ್ದು ಕಾವಲುಗಾರರಿದ್ದ ಪಕ್ಕದ ಮನೆಗೆ. ಕೊಟ್ಟದ್ದು ಪೀಟರ್ ಅಲ್ಲ, ಅತಿಥಿಯನ್ನು ಕರೆಸಿಕೊಂಡ ಇಂಗ್ಲೆಂಡಿನ ಖಜಾನೆ.

ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನೂ ಇದೇ ಜಾಡಿನದು. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಬಳಕೆಯಿಂದಾಗುವ ಸಹಜ ಸವೆತ ಅವನ ಹೊಣೆಯಲ್ಲ. ಮೂರು ವರ್ಷಕ್ಕೆ ಮಂಕಾಗೋ ಬಣ್ಣ ಸವೆತ. ಒಡೆದ ವಾಶ್‌ಬೇಸಿನ್ ಹಾನಿ. ಬರುವ ದಿನವೇ ಇಬ್ಬರೂ ನಿಂತು ಫೋಟೋ ತೆಗೆದು, ಪಟ್ಟಿ ಬರೆದು ಸಹಿ ಹಾಕದಿದ್ರೆ ಹೋಗುವ ದಿನ ಈ ಗೆರೆ ಎಳೆಯೋದು ಹೇಗೆ? ನಾನು ಮುರಿದುಕೊಳ್ಳೋದು ಪ್ಲಂಬರ್ ಬಿಲ್ಲು ತೋರಿಸಿ, ಅಷ್ಟಕ್ಕೆ ಮಾತ್ರ.

ಆ ಬೇಲಿ ಮಾತ್ರ ಯಾವ ಬಿಲ್ಲಿಗೂ ಸಿಗೋದಲ್ಲ. ನಮ್ಮೂರಲ್ಲಿ ದನ ನುಗ್ಗಿ ಬೇಲಿ ಹಾಳಾದ್ರೆ ದುಡ್ಡು ಕೊಡಿಸಬಹುದು. ಗಿಡ ಮತ್ತೆ ಅಷ್ಟೆತ್ತರ ಬರೋಕೆ ವರ್ಷಗಳೇ ಬೇಕು. ಈವ್ಲಿನ್‌ಗೆ ಆಗ 77 ವರ್ಷ. ‘ಸಿಲ್ವಾ’ದ ಕೊನೆಯ ಪರಿಷ್ಕರಣೆಯಲ್ಲಿ ಆ ಬೇಲಿಯನ್ನು ವರ್ಣಿಸುತ್ತಾ, ತೋಟ ಈಗ ಹಾಳು ಅಂತ ಬರೆದು, ಅದಕ್ಕಾಗಿ ರಷ್ಯಾದ ದೊರೆಗೆ ವ್ಯಂಗ್ಯವಾಗಿ ಒಂದು ಥ್ಯಾಂಕ್ಸ್ ಸೇರಿಸಿದ್ದಾನೆ.