ಎನ್‌ಬಿಎ ಆರಂಭಯುಗದ ಬಿಳಿಯ ಆಟಗಾರರು

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಶುರುವಾದದ್ದು 1946ರಲ್ಲಿ, ಬಿಎಎ ಎಂಬ ಬೇರೆ ಹೆಸರಿನಲ್ಲಿ. ಅಲ್ಲಿಂದ ಸುಮಾರು ಹದಿನೈದು ವರ್ಷ ಅದನ್ನು ಬೆಳೆಸಿ ನಿಲ್ಲಿಸಿದ ಆಟಗಾರರಲ್ಲಿ ಹೆಚ್ಚಿನವರು ಬಿಳಿಯರು. ಜಾರ್ಜ್ ಮೈಕನ್, ಜೋ ಫಲ್ಕ್ಸ್, ಪಾಲ್ ಅರಿಜಿನ್, ನೀಲ್ ಜಾನ್‌ಸ್ಟನ್, ಡಾಲ್ಫ್ ಶೇಯ್ಸ್, ಬಾಬ್ ಪೆಟಿಟ್, ಜಾಕ್ ಟ್ವೈಮನ್ ಅವರಲ್ಲಿ ಮುಖ್ಯರು. ಈ ಏಳೂ ಮಂದಿಯ ಹೆಸರು ಸ್ಪ್ರಿಂಗ್‌ಫೀಲ್ಡ್‌ನ ನೈಸ್ಮಿತ್ ಹಾಲ್ ಆಫ್ ಫೇಮ್‌ನಲ್ಲಿದೆ. ಆದರೂ ಲೀಗಿನ ಚರಿತ್ರೆಯೇ ಆಮೇಲೆ ಬಂದ ಕಪ್ಪು ತಾರೆಗಳಾದ ಬಿಲ್ ರಸೆಲ್ ಮತ್ತು ವಿಲ್ಟ್ ಚೇಂಬರ್ಲಿನ್‌ರಿಂದ ಆರಂಭವಾಯಿತು ಎನ್ನುವಂತೆ ಮಾತಾಡುವುದು ರೂಢಿಯಾಗಿದೆ.

ಮರೆವಿಗೆ ಕಾರಣಗಳು ಹಲವು. ಆ ಕಾಲದ ಪಂದ್ಯಗಳ ಚಿತ್ರೀಕರಣ ಉಳಿದಿರುವುದು ಅತ್ಯಲ್ಪ. ರಿಬೌಂಡ್‌ಗಳ ಲೆಕ್ಕ ಇಡತೊಡಗಿದ್ದೇ 1950–51ರಲ್ಲಿ. ಬ್ಲಾಕ್ ಮತ್ತು ಸ್ಟೀಲ್‌ಗಳ ಲೆಕ್ಕ 1973–74ರವರೆಗೂ ಇರಲಿಲ್ಲ. ಆಟದ ನಿಯಮಗಳೂ ವೇಗವೂ ಆಮೇಲೆ ಗುರುತು ಸಿಗದಷ್ಟು ಬದಲಾದವು. ಇವೆಲ್ಲಕ್ಕಿಂತ ಭಾರವಾದ ಕಾರಣ ಇನ್ನೊಂದಿದೆ. ಮೊದಲ ನಾಲ್ಕು ಋತುಗಳಲ್ಲಿ ಲೀಗಿನ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿತ್ತು. ತೆರೆದ ಮೇಲೂ ಹಲವು ವರ್ಷ ಅರೆಬರೆಯಾಗಿಯೇ ಇತ್ತು. ಹೀಗಾಗಿ ಆ ಕಾಲದ ದಾಖಲೆಗಳ ಪಕ್ಕದಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಕಪ್ಪು ಆಟಗಾರರೂ ಎದುರಿಗಿದ್ದಿದ್ದರೆ ಇವರು ಹೀಗೆಯೇ ಆಡುತ್ತಿದ್ದರೇ? ಆ ಪ್ರಶ್ನೆ ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಬಾಗಿಲು ತೆರೆದ ಬಳಿಕ ಯಾರು ಹೇಗೆ ಆಡಿದರು ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ.

ಪ್ರತಿಭೆಗೆ ಕೊರತೆಯಿದ್ದುದರಿಂದ ಬಾಗಿಲು ಮುಚ್ಚಿರಲಿಲ್ಲ. ಷಿಕಾಗೋದಲ್ಲಿ ನಡೆಯುತ್ತಿದ್ದ ವಿಶ್ವ ವೃತ್ತಿಪರ ಪಂದ್ಯಾವಳಿಯನ್ನು ಕಪ್ಪು ಆಟಗಾರರ ತಂಡಗಳಾದ ನ್ಯೂಯಾರ್ಕ್ ರೆನ್ಸ್ 1939ರಲ್ಲೂ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ 1940ರಲ್ಲೂ ಗೆದ್ದಿದ್ದವು. 1948ರ ಫೆಬ್ರುವರಿ 19ರಂದು ಷಿಕಾಗೋ ಕ್ರೀಡಾಂಗಣದಲ್ಲಿ ಗ್ಲೋಬ್‌ಟ್ರಾಟರ್ಸ್ ತಂಡ ಮೈಕನ್ ಅವರಿದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 61–59ರಿಂದ ಸೋಲಿಸಿತು. ಗೆಲುವಿನ ಬುಟ್ಟಿ ಎರ್ಮರ್ ರಾಬಿನ್ಸನ್ ಕೊನೆಯ ಕ್ಷಣದಲ್ಲಿ ಎಸೆದದ್ದು. ಹಳೆಯ ಎನ್‌ಬಿಎಲ್ ಲೀಗಿನಲ್ಲಿ ಕೆಲವು ಕಪ್ಪು ಆಟಗಾರರಿದ್ದರು. ಬಿಎಎ ಮಾತ್ರ 1947ರಲ್ಲಿ ಜಪಾನಿ ಮೂಲದ ವಾಟರು ಮಿಸಾಕ ಮೂರು ಪಂದ್ಯ ಆಡಿದ್ದನ್ನು ಬಿಟ್ಟರೆ ಪೂರ್ತಿ ಬಿಳಿಯರದೇ ಆಗಿತ್ತು. 1949ರ ಆಗಸ್ಟ್‌ನಲ್ಲಿ ಈ ಎರಡೂ ಲೀಗ್‌ಗಳು ಸೇರಿ ಎನ್‌ಬಿಎ ಎಂಬ ಹೆಸರು ಬಂತು. ಮರುವರ್ಷ ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಒಳಗೆ ಬಂದರು. ಅವರಲ್ಲಿ ಮೊದಲು ಅಂಕಣಕ್ಕಿಳಿದವರು ಲಾಯ್ಡ್, 1950ರ ಅಕ್ಟೋಬರ್ 31ರಂದು.

ಲೀಗಿನ ಮೊದಲ ತಾರೆ ಜೋ ಫಲ್ಕ್ಸ್. ಕೆಂಟಕಿಯ ಬರ್ಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನವರು, ಮಹಾಯುದ್ಧದಲ್ಲಿ ಮರೀನ್ ಪಡೆಯಲ್ಲಿದ್ದವರು. ಎರಡೂ ಪಾದ ನೆಲದಲ್ಲಿ ಊರಿ ಎರಡೂ ಕೈಯಿಂದ ಚೆಂಡು ಎಸೆಯುವುದೇ ಪದ್ಧತಿಯಾಗಿದ್ದ ಕಾಲದಲ್ಲಿ ಇವರು ನೆಗೆದು, ಗಾಳಿಯಲ್ಲಿರುವಾಗಲೇ ಎಸೆಯುತ್ತಿದ್ದರು. ಫಿಲಡೆಲ್ಫಿಯ ವಾರಿಯರ್ಸ್ ಪರವಾಗಿ 1946–47ರಲ್ಲಿ ಪಂದ್ಯಕ್ಕೆ 23.2 ಅಂಕಗಳ ಸರಾಸರಿ ಗಳಿಸಿ ಮೊದಲ ಅಂಕವೀರರಾದರು. ತಂಡ ಮೊದಲ ಚಾಂಪಿಯನ್ ಆಯಿತು. 1949ರ ಫೆಬ್ರುವರಿ 10ರಂದು ಇಂಡಿಯಾನಪೊಲಿಸ್ ಜೆಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದರು. ತಂಡವೊಂದು ಒಟ್ಟಾಗಿಯೇ ಸರಾಸರಿ 80ರ ಆಸುಪಾಸು ಅಂಕ ಗಳಿಸುತ್ತಿದ್ದ ಆ ಕಾಲದಲ್ಲಿ ಇದು ನಂಬಲಾಗದ ಸಂಖ್ಯೆ. 1959ರಲ್ಲಿ ಎಲ್ಜಿನ್ ಬೇಲರ್ 64 ಅಂಕ ಗಳಿಸುವವರೆಗೆ ಈ ದಾಖಲೆ ಉಳಿಯಿತು. ಫಲ್ಕ್ಸ್ ಅವರ ಎಸೆತಗಳಲ್ಲಿ ಬುಟ್ಟಿಗೆ ಬೀಳುತ್ತಿದ್ದುದು ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ ಎಂಬುದನ್ನೂ ಹೇಳಬೇಕು. ಇಂದಿನ ಕೋಚ್ ಯಾರೂ ಇದನ್ನು ಸಹಿಸಲಾರರು. ಆಗ ಅದು ಲೀಗಿನ ಸಾಮಾನ್ಯ ಮಟ್ಟವೇ ಆಗಿತ್ತು.

ಹೀಗೆ ನೆಗೆದು ಎಸೆಯುವ ಜಂಪ್ ಶಾಟ್‌ನ ಕೀರ್ತಿಗೆ ಇನ್ನೊಬ್ಬ ಹಕ್ಕುದಾರರು ಕೆನಿ ಸೇಲರ್ಸ್. ವಯೋಮಿಂಗ್‌ನ ಜಮೀನೊಂದರಲ್ಲಿ ತನಗಿಂತ ಬಹಳ ಎತ್ತರದ ಅಣ್ಣನ ತಲೆಯ ಮೇಲಿಂದ ಚೆಂಡು ದಾಟಿಸಲು ನೆಗೆಯಲು ಕಲಿತರು. 1943ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದರು, ಐದು ಋತು ವೃತ್ತಿಪರರಾಗಿ ಆಡಿದರು. ಇಂದು ಪ್ರತಿ ಬೀದಿಯ ಅಂಕಣದಲ್ಲಿ ಮಕ್ಕಳು ಎಸೆಯುವ ಭಂಗಿ ಇವರದು: ಒಂದು ಕೈ ಚೆಂಡಿನ ಕೆಳಗೆ, ಮೊಣಕೈ ಮಡಚಿ ಒಳಗೆ. 2016ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನೈಸ್ಮಿತ್ ಹಾಲ್ ಆಫ್ ಫೇಮ್ ಇವರನ್ನು ಸೇರಿಸಿಕೊಂಡಿರಲಿಲ್ಲ.

ಜಾರ್ಜ್ ಮೈಕನ್ (1924–2005) ಈ ಯುಗದ ಅತಿ ದೊಡ್ಡ ಹೆಸರು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಹುಟ್ಟಿದ ಇವರ ಎತ್ತರ 6 ಅಡಿ 10 ಇಂಚು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಇಷ್ಟು ಎತ್ತರದವರು ಮೈಭಾರದಿಂದಾಗಿ ಆಟಕ್ಕೆ ಒಗ್ಗುವುದಿಲ್ಲವೆಂಬ ನಂಬಿಕೆ ಆಗ ಬಲವಾಗಿತ್ತು. ಡಿಪಾಲ್ ವಿಶ್ವವಿದ್ಯಾಲಯದ ಯುವ ಕೋಚ್ ರೇ ಮೆಯರ್ ಆ ನಂಬಿಕೆಗೆ ಸೊಪ್ಪು ಹಾಕಲಿಲ್ಲ. ಹಗ್ಗದಾಟ ಆಡಿಸಿದರು, ನೃತ್ಯದ ಪಾಠ ಹೇಳಿಸಿದರು. ಬುಟ್ಟಿಯ ಕೆಳಗೆ ಬಲಗಡೆ ನಿಂತು ಬಲಗೈಯಿಂದ ಒಂದು, ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಎಡಗಡೆಗೆ ಸರಿದು ಎಡಗೈಯಿಂದ ಒಂದು, ಹೀಗೆ ಬಿಡುವಿಲ್ಲದೆ ನೂರಾರು ಬಾರಿ ಎಸೆಯಬೇಕಿತ್ತು. ಈ ಕಸರತ್ತಿಗೆ ಇಂದಿಗೂ ಮೈಕನ್ ಡ್ರಿಲ್ ಎಂದೇ ಹೆಸರು. ಅದನ್ನು ಮಾಡುವ ಎಳೆಯರಲ್ಲಿ ಬಹಳ ಮಂದಿಗೆ ಮೈಕನ್ ಯಾರೆಂದು ಗೊತ್ತಿರುವುದಿಲ್ಲ.

ಮೈಕನ್‌ರನ್ನು ತಡೆಯಲು ನಿಯಮಗಳನ್ನೇ ತಿದ್ದಬೇಕಾಯಿತು. ರಿಂಗಿನತ್ತ ಇಳಿಯುತ್ತಿರುವ ಚೆಂಡನ್ನು ಕೈಯಿಂದ ಹೊಡೆದೋಡಿಸುವುದನ್ನು ಕಾಲೇಜು ಆಟದಲ್ಲಿ 1944ರಲ್ಲಿ ನಿಷೇಧಿಸಿದ್ದು ಇವರಿಂದ ಮತ್ತು ಇವರಂತೆಯೇ ಬಹಳ ಎತ್ತರದ ಬಾಬ್ ಕರ್ಲ್ಯಾಂಡ್‌ರಿಂದ. ವೃತ್ತಿಪರ ಲೀಗಿನಲ್ಲಿ 1948–49ರಿಂದ ಸತತ ಮೂರು ಋತು ಅಂಕಗಳಿಕೆಯಲ್ಲಿ ಇವರೇ ಮೊದಲಿಗರು. 1951–52ರಲ್ಲಿ ಎನ್‌ಬಿಎ ಬುಟ್ಟಿಯ ಮುಂದಿನ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿತು. ಆಕ್ರಮಣ ಮಾಡುವ ಆಟಗಾರ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದ್ದರಿಂದ ಮೈಕನ್ ರಿಂಗಿನಿಂದ ದೂರ ಸರಿಯಬೇಕಾಯಿತು. ಅವರ ಸರಾಸರಿ 28.4ರಿಂದ 23.8ಕ್ಕೆ ಇಳಿಯಿತು. ಆದರೆ ಲೇಕರ್ಸ್ 1952, 1953, 1954ರಲ್ಲಿ ಸತತವಾಗಿ ಗೆದ್ದಿತು. ಹಳೆಯ ಲೀಗ್‌ಗಳ ಪ್ರಶಸ್ತಿಗಳನ್ನೂ ಕೂಡಿದರೆ ಮೈಕನ್ ಎಂಟು ಋತುಗಳಲ್ಲಿ ಏಳು ಬಾರಿ ಚಾಂಪಿಯನ್. ನೆಗೆತಕ್ಕೆ ಹೆಸರಾದ ಜಿಮ್ ಪೊಲಾರ್ಡ್, ಬಲಶಾಲಿ ವರ್ನ್ ಮಿಕೆಲ್ಸನ್, ಚುರುಕಿನ ಸ್ಲೇಟರ್ ಮಾರ್ಟಿನ್ ಜೊತೆಗಿದ್ದರು. ಮೈಕನ್‌ರ ನೆರಳಲ್ಲಿ ಆಡಿದ್ದರಿಂದ ಈ ಮೂವರೂ ಇನ್ನಷ್ಟು ಮರೆಗೆ ಸರಿದರು.

ಮೈಕನ್‌ರ ಪ್ರಾಬಲ್ಯ ಎಂಥದೆಂದು ತೋರಿಸುವುದು ಒಂದು ಸೋಲು. 1950ರ ನವೆಂಬರ್ 22ರಂದು ಮಿನಿಯಾಪೊಲಿಸ್‌ಗೆ ಬಂದ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಚೆಂಡನ್ನು ಎಸೆಯದೆ, ಕೈಯಲ್ಲಿ ಹಿಡಿದುಕೊಂಡೇ ಹೊತ್ತು ಕಳೆಯಿತು. ಮೈಕನ್ ಕೈಗೆ ಚೆಂಡು ಸಿಗದಿದ್ದರೆ ಸಾಕು ಎಂಬುದಷ್ಟೇ ಅವರ ತಂತ್ರ. ಪ್ರೇಕ್ಷಕರು ಕೂಗಾಡಿದರು. ಕೊನೆಯ ಕ್ಷಣಗಳಲ್ಲಿ ಲ್ಯಾರಿ ಫೌಸ್ಟ್ ಎಸೆದ ಚೆಂಡು ಬುಟ್ಟಿಗೆ ಬಿದ್ದು ಪಿಸ್ಟನ್ಸ್ 19–18ರಿಂದ ಗೆದ್ದಿತು. ಲೀಗಿನ ಇತಿಹಾಸದಲ್ಲಿ ಇಷ್ಟು ಕಡಿಮೆ ಅಂಕಗಳ ಪಂದ್ಯ ಇನ್ನೊಂದಿಲ್ಲ. ಲೇಕರ್ಸ್ ಗಳಿಸಿದ 18ರಲ್ಲಿ 15 ಅಂಕ ಮೈಕನ್‌ರವು.

ಇಂಥ ಆಟಕ್ಕೆ ಹಣ ಕೊಟ್ಟು ಯಾರೂ ಬರಲಾರರೆಂದು ಮನಗಂಡು 1954ರಲ್ಲಿ 24 ಸೆಕೆಂಡುಗಳ ಗಡಿಯಾರ ತಂದರು. ಅಷ್ಟರೊಳಗೆ ಚೆಂಡು ಎಸೆಯಲೇಬೇಕು. ಸಿರಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಹಾಕಿದ ಲೆಕ್ಕ ಸರಳವಾಗಿತ್ತು: ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ, ಪಂದ್ಯದ 48 ನಿಮಿಷ ಎಂದರೆ 2,880 ಸೆಕೆಂಡು, ಭಾಗಿಸಿದರೆ 24. ತಂಡಗಳ ಸರಾಸರಿ ಅಂಕ ಒಂದೇ ವರ್ಷದಲ್ಲಿ 79ರಿಂದ 93ಕ್ಕೆ ಏರಿತು. ಮೈಕನ್ ಆ ಋತುವಿಗೆ ಮೊದಲೇ ನಿವೃತ್ತರಾಗಿದ್ದರು. 1956ರಲ್ಲಿ ಅರ್ಧ ಋತು ಮರಳಿ ಆಡಿದರೂ ಆ ವೇಗಕ್ಕೆ ಅವರು ಹೊಂದಿಕೊಳ್ಳಲಿಲ್ಲ.

ಗಡಿಯಾರದ ಮೊದಲ ಫಲ ಉಂಡದ್ದು ಬಯಾಸೋನ್ ಅವರ ಸಿರಕ್ಯೂಸ್ ತಂಡವೇ. 1955ರ ಚಾಂಪಿಯನ್ ಆದ ಆ ತಂಡದ ಮುಂದಾಳು ಡಾಲ್ಫ್ ಶೇಯ್ಸ್. ಜೊತೆಗೆ ಅರ್ಲ್ ಲಾಯ್ಡ್ ಮತ್ತು ಜಿಮ್ ಟಕರ್ ಇದ್ದರು. ಎನ್‌ಬಿಎ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಆಟಗಾರರು ಇವರಿಬ್ಬರೇ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ರುಮೇನಿಯದ ಯೆಹೂದಿ ವಲಸಿಗರ ಮಗನಾಗಿ ಹುಟ್ಟಿದ ಶೇಯ್ಸ್ 12 ಬಾರಿ ಆಲ್-ಸ್ಟಾರ್. ಬಲಗೈ ಮುರಿದು ಪಟ್ಟಿ ಕಟ್ಟಿಸಿಕೊಂಡಿದ್ದಾಗ ಮನೆಯಲ್ಲಿ ಕೂರದೆ ಎಡಗೈಯಿಂದ ಎಸೆಯುವುದನ್ನು ಕಲಿತರು. ಆಮೇಲೆ ಎದುರಾಳಿಗೆ ಎರಡೂ ಕಡೆ ಕಾಯಬೇಕಾದ ಸಂಕಟ. 1952ರಿಂದ 1961ರವರೆಗೆ ಒಂದೂ ಪಂದ್ಯ ತಪ್ಪಿಸದೆ 706 ಪಂದ್ಯ ಆಡಿದರು.

ಫಿಲಡೆಲ್ಫಿಯದ ಪಾಲ್ ಅರಿಜಿನ್ ಹೈಸ್ಕೂಲಿನ ತಂಡದಲ್ಲೇ ಜಾಗ ಸಿಗದ ಹುಡುಗ. ಚರ್ಚ್ ಲೀಗ್‌ಗಳ ಪಂದ್ಯಗಳು ನಡೆಯುತ್ತಿದ್ದುದು ನೃತ್ಯಶಾಲೆಗಳ ನುಣುಪು ನೆಲದ ಮೇಲೆ. ಕಾಲೂರಿ ಎಸೆಯಹೋದರೆ ಜಾರುತ್ತಿದ್ದುದರಿಂದ ನೆಗೆದೇ ಎಸೆಯುವುದು ಇವರಿಗೆ ಅಭ್ಯಾಸವಾಯಿತು. ಉಸಿರಾಟದ ತೊಂದರೆಯಿಂದ ಅಂಕಣದಲ್ಲಿ ಏದುಸಿರು ಬಿಡುತ್ತಿದ್ದರೂ 1952 ಮತ್ತು 1957ರಲ್ಲಿ ಅಂಕಗಳಿಕೆಯಲ್ಲಿ ಮೊದಲಿಗರಾದರು. ನಡುವಿನ ಎರಡು ಋತು ಕೊರಿಯಾ ಯುದ್ಧದ ಕಾಲದ ಮರೀನ್ ಸೇವೆಗೆ ಹೋಯಿತು. 1962ರಲ್ಲಿ ವಾರಿಯರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಊರು ಬಿಡಲೊಪ್ಪದೆ ಐಬಿಎಂ ಕಂಪನಿಯ ಕೆಲಸಕ್ಕೆ ಸೇರಿದರು. ಆಗಲೂ ಪಂದ್ಯಕ್ಕೆ 20ಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದ ಆಟಗಾರ ಅವರು.

ಅದೇ ತಂಡದ ನೀಲ್ ಜಾನ್‌ಸ್ಟನ್ 1953ರಿಂದ ಮೂರು ಋತು ಸತತವಾಗಿ ಅಂಕವೀರ. ಇವರ ಅಸ್ತ್ರ ಹುಕ್ ಶಾಟ್. 1956ರ ಡಿಸೆಂಬರ್‌ನಲ್ಲಿ ಬಿಲ್ ರಸೆಲ್ ಬಾಸ್ಟನ್ ಸೇರಿದ ಮೇಲೆ ಆ ಹುಕ್ ಶಾಟ್‌ಗಳು ರಸೆಲ್‌ರ ಉದ್ದ ತೋಳುಗಳಿಗೆ ಸಿಕ್ಕವು. ಹಳೆಯ ಯುಗ ಮುಗಿದದ್ದು ಅಲ್ಲೇ ಎನ್ನುವ ಬರಹಗಾರರಿದ್ದಾರೆ. ಅದು ಜಾನ್‌ಸ್ಟನ್‌ಗೆ ತುಸು ಅನ್ಯಾಯದ ಮಾತು. ಅವರ ಆಟವನ್ನು ನಿಲ್ಲಿಸಿದ್ದು ಮೊಣಕಾಲಿನ ಗಾಯ.

ಕಪ್ಪು ಆಟಗಾರರ ಎದುರು ಹೇಗೆ ಎಂಬ ಆ ಪ್ರಶ್ನೆಗೆ ಅಂಕಣದಲ್ಲೇ ಉತ್ತರ ಕೊಟ್ಟವರು ಬಾಬ್ ಪೆಟಿಟ್. ಲೂಸಿಯಾನದ ಬ್ಯಾಟನ್ ರೂಜ್‌ನ ಇವರನ್ನೂ ಹೈಸ್ಕೂಲ್ ತಂಡ ಮೊದಲು ತಿರಸ್ಕರಿಸಿತ್ತು. 1954ರಿಂದ 1965ರವರೆಗೆ ಹಾಕ್ಸ್ ತಂಡಕ್ಕೆ ಆಡಿದ ಹನ್ನೊಂದು ಋತುಗಳಲ್ಲಿ ಪ್ರತಿ ವರ್ಷವೂ ಆಲ್-ಸ್ಟಾರ್; ಅದರಲ್ಲಿ ಬಹುಪಾಲು ರಸೆಲ್, ಬೇಲರ್, ಚೇಂಬರ್ಲಿನ್‌ರ ಎದುರಿಗೇ ಕಳೆದದ್ದು. ಪಂದ್ಯಕ್ಕೆ 26.4 ಅಂಕ, 16.2 ರಿಬೌಂಡ್ ಇವರ ಒಟ್ಟು ಸರಾಸರಿ. 1956ರಲ್ಲಿ ಲೀಗಿನ ಮೊತ್ತಮೊದಲ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ, 1959ರಲ್ಲಿ ಮತ್ತೊಮ್ಮೆ. 20,000 ಅಂಕ ದಾಟಿದ ಮೊದಲಿಗರೂ ಇವರೇ. 1958ರ ಏಪ್ರಿಲ್ 12ರಂದು ಸೇಂಟ್ ಲೂಯಿಸ್‌ನಲ್ಲಿ ಫೈನಲ್ಸ್‌ನ ಆರನೇ ಪಂದ್ಯದಲ್ಲಿ 50 ಅಂಕ ಗಳಿಸಿ ಬಾಸ್ಟನ್ ತಂಡವನ್ನು 110–109ರಿಂದ ಸೋಲಿಸಿ ಕಪ್ ಗೆದ್ದುಕೊಟ್ಟರು. ರಸೆಲ್ ಅಂದು ಕಾಲುಗಂಟಿನ ನೋವಿನಲ್ಲಿದ್ದರು ಎಂಬುದು ನಿಜ. 50 ಅಂಕ ಗಳಿಸಿದ್ದೂ ನಿಜ.

ಆ ಹಾಕ್ಸ್ ತಂಡವೇ ಎನ್‌ಬಿಎ ಗೆದ್ದ ಕೊನೆಯ ಪೂರ್ಣ ಬಿಳಿಯರ ತಂಡ. ಎರಡು ವರ್ಷದ ಹಿಂದೆ ರಸೆಲ್‌ರನ್ನು ಆಯ್ದುಕೊಳ್ಳುವ ಸರದಿ ಸೇಂಟ್ ಲೂಯಿಸ್‌ನ ಈ ತಂಡಕ್ಕೇ ಬಂದಿತ್ತು. ಅದನ್ನು ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್‌ರಿಗೆ ಬದಲಾಗಿ ಬಾಸ್ಟನ್‌ಗೆ ಬಿಟ್ಟುಕೊಟ್ಟರು. ಇಬ್ಬರೂ ಒಳ್ಳೆಯ ಆಟಗಾರರೇ, 1958ರ ಗೆಲುವಿನಲ್ಲಿ ಪಾಲುದಾರರೇ. ಆದರೆ ರಸೆಲ್ ಬಾಸ್ಟನ್‌ಗೆ 11 ಪ್ರಶಸ್ತಿ ತಂದುಕೊಟ್ಟರು.

ಆ ಕಾಲದ ವರ್ಣಭೇದ ಅಂಕಣದ ಹೊರಗೂ ಇತ್ತು. ಒಮ್ಮೆ ಉತ್ತರ ಕೆರೊಲಿನದ ಹೋಟೆಲೊಂದು ಚಕ್ ಕೂಪರ್‌ಗೆ ಕೋಣೆ ನಿರಾಕರಿಸಿದಾಗ ಸಹ ಆಟಗಾರ ಬಾಬ್ ಕೂಸಿ ತಾವೂ ಅಲ್ಲಿ ಉಳಿಯದೆ ಅವರೊಂದಿಗೆ ರಾತ್ರಿಯ ರೈಲು ಹತ್ತಿ ಹೊರಟರು. ಸಿನ್ಸಿನಾಟಿ ರಾಯಲ್ಸ್ ತಂಡದ ಜಾಕ್ ಟ್ವೈಮನ್ ಮಾಡಿದ್ದು ಇನ್ನೂ ದೊಡ್ಡದು. 1958ರ ಮಾರ್ಚ್ 12ರಂದು ಅದೇ ತಂಡದ ಕಪ್ಪು ತಾರೆ ಮಾರಿಸ್ ಸ್ಟೋಕ್ಸ್ ಕೆಳಗೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಮೂರು ದಿನಗಳ ನಂತರ ವಿಮಾನದಲ್ಲಿ ಕುಸಿದು, ಮೈಯೆಲ್ಲ ಸ್ವಾಧೀನ ತಪ್ಪಿತು. ಆಗಿನ್ನೂ 23 ವರ್ಷದ ಟ್ವೈಮನ್ ನ್ಯಾಯಾಲಯದ ಮೂಲಕ ಸ್ಟೋಕ್ಸ್‌ರ ಕಾನೂನುಬದ್ಧ ಪೋಷಕರಾದರು. ಕಾರ್ಮಿಕ ಪರಿಹಾರಕ್ಕಾಗಿ ಓಡಾಡಿದರು, ವರ್ಷವರ್ಷವೂ ಸಹಾಯಾರ್ಥ ಪಂದ್ಯ ಏರ್ಪಡಿಸಿ ಆಸ್ಪತ್ರೆಯ ಖರ್ಚು ಹೊಂದಿಸಿದರು. ಸ್ಟೋಕ್ಸ್ ತೀರಿಕೊಂಡದ್ದು 1970ರಲ್ಲಿ. ಇದರ ನಡುವೆಯೇ ಟ್ವೈಮನ್ 1959–60ರಲ್ಲಿ ಪಂದ್ಯಕ್ಕೆ 31.2 ಅಂಕ ಗಳಿಸಿದರು. ಅದೇ ವರ್ಷ ಚೇಂಬರ್ಲಿನ್ ಲೀಗಿಗೆ ಬಂದು 37.6 ಗಳಿಸಿದ್ದರಿಂದ ಈ ಸಾಧನೆ ಯಾರ ಕಣ್ಣಿಗೂ ಬೀಳಲಿಲ್ಲ.

ಲೀಗ್ ತನ್ನ ಐವತ್ತನೆಯ ವರ್ಷಾಚರಣೆಗೆ 1996ರಲ್ಲಿ ಪ್ರಕಟಿಸಿದ 50 ಶ್ರೇಷ್ಠರ ಪಟ್ಟಿಯಲ್ಲಿ ಮೈಕನ್, ಅರಿಜಿನ್, ಶೇಯ್ಸ್, ಪೆಟಿಟ್, ಕೂಸಿ ಇದ್ದಾರೆ. ಫಲ್ಕ್ಸ್, ಜಾನ್‌ಸ್ಟನ್, ಟ್ವೈಮನ್ ಇಲ್ಲ. ಹಣದ ವಿಷಯದಲ್ಲಿ ಇವರಲ್ಲಿ ಬಹುಪಾಲಿನವರ ಪಾಡು ಒಂದೇ ಆಗಿತ್ತು. 1964ರಲ್ಲಿ ಆಟಗಾರರು ಆಲ್-ಸ್ಟಾರ್ ಪಂದ್ಯ ಬಹಿಷ್ಕರಿಸುವ ಬೆದರಿಕೆ ಹಾಕಿ ಪಿಂಚಣಿ ಪಡೆದರು. ಅದು ಜಾರಿಗೆ ಬಂದ 1965ಕ್ಕೆ ಮೊದಲೇ ಆಟ ಬಿಟ್ಟವರು, ಬಿಳಿಯರಿರಲಿ ಕಪ್ಪು ಜನರಿರಲಿ, ಯೋಜನೆಯಿಂದ ಹೊರಗುಳಿದರು. ಮುಂದೆ ಅವರಿಗೂ ಸ್ವಲ್ಪ ಮೊತ್ತ ನಿಗದಿಯಾಯಿತು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದ ಮೈಕನ್ ಆ ಮೊತ್ತವನ್ನು ಹೆಚ್ಚಿಸುವಂತೆ ಕೊನೆಯವರೆಗೂ ಒತ್ತಾಯಿಸುತ್ತಿದ್ದರು.