ದೀವಿಹಲಸಿನ ಸಮುದ್ರಯಾನ

ನಮ್ಮ ಕರಾವಳಿಯ ಮನೆಗಳಲ್ಲಿ ಜೀಗುಜ್ಜೆಯ ಪೋಡಿಯನ್ನಾಗಲಿ ಪಲ್ಯವನ್ನಾಗಲಿ ಸವಿಯದವರು ವಿರಳ. ತುಳುವರು ಎಳೆಯ ಹಲಸಿಗೆ ಗುಜ್ಜೆಯೆನ್ನುವರು. ಹಲಸಿನ ದಾಯಾದಿಯಾದ ಈ ಕಾಯಿಗೂ ಆ ಹೆಸರು ಅಂಟಿಕೊಂಡಿದೆ. ಇದಕ್ಕಿರುವ ಇನ್ನೊಂದು ಹೆಸರು ದೀವಿಹಲಸು. ದೀವಿಯೆಂಬುದು ದ್ವೀಪ ಶಬ್ದದ ತದ್ಭವವಾದುದರಿಂದ, ಇದು ದ್ವೀಪಾಂತರದ ಮರವೆಂಬ ಅರಿವು ಹೆಸರಿನಲ್ಲಿಯೇ ಅಡಗಿದೆ. ಈ ಮರವನ್ನು ಒಂದು ಸಾಗರದಿಂದ ಮತ್ತೊಂದಕ್ಕೆ ಸಾಗಿಸುವ ಸಲುವಾಗಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎಷ್ಟು ದ್ರವ್ಯವೂ ಎಷ್ಟು ಪ್ರಾಣಗಳೂ ವ್ಯಯವಾದುವೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ.

ಮೊದಲು ಮರದ ಸ್ವಭಾವವನ್ನು ತಿಳಿಯಬೇಕು. ಮುಂದಿನ ಕಥೆಯೆಲ್ಲವೂ ಅದರಿಂದಲೇ ಹುಟ್ಟಿದುದು. ಇದರ ಕಾಡುಮೂಲವು ನ್ಯೂಗಿನಿಯ ಸುತ್ತಮುತ್ತಲಿನ ನಾಡು. ಅಲ್ಲಿಂದ ಪೂರ್ವಕ್ಕೆ ದೋಣಿಗಳಲ್ಲಿ ಸಾಗಿದ ದ್ವೀಪವಾಸಿಗಳು ತಮ್ಮೊಡನೆ ಇದರ ಬೇರುಕುಡಿಗಳನ್ನು ಒಯ್ದರು. ತಲೆಮಾರುಗಳವರೆಗೆ ಆರಿಸಿ ಆರಿಸಿ ಬೆಳೆಸಿದುದರ ಫಲವಾಗಿ ಉತ್ತಮ ಜಾತಿಗಳು ಬೀಜವನ್ನೇ ಕಳೆದುಕೊಂಡುವು. ಆದುದರಿಂದ ಬೇರಿನಿಂದೆದ್ದ ಕುಡಿಯನ್ನು ಬಿಡಿಸಿ ನೆಟ್ಟಲ್ಲದೆ ಇದರ ಸಂತಾನ ಮುಂದುವರಿಯದು. ಆಳವಾದ, ನೀರು ನಿಲ್ಲದ ಮಣ್ಣು ಇದಕ್ಕೆ ಬೇಕು. ವರ್ಷಕ್ಕೆ 1500ರಿಂದ 3000 ಮಿಲಿಮೀಟರಿನಷ್ಟು ಮಳೆಯೂ, 21ರಿಂದ 32 ಡಿಗ್ರಿ ಸೆಂಟಿಗ್ರೇಡಿನ ಶಾಖವೂ ಒಗ್ಗುವುವು. ಎಳೆಯ ಸಸಿಗೆ ನೆರಳು ಹಿತ, ಚಳಿ ಹಗೆ. ಉಪ್ಪು ನೀರಿನ ತುಂತುರು ಎಲೆಗಳನ್ನು ಸುಡುವುದು. ಇಷ್ಟನ್ನು ಒದಗಿಸಿದರೆ ಮೂರರಿಂದ ಆರು ವರ್ಷಗಳಲ್ಲಿ ಫಲ ಕೊಡುವುದು. ಬೀಜವಿಲ್ಲದ, ಚಳಿಗೂ ಉಪ್ಪಿಗೂ ಅಂಜುವ ಇಂತಹ ಸಸಿಯನ್ನು ಅರ್ಧ ಭೂಮಂಡಲ ದಾಟಿಸುವುದೆಂದರೆ ಸಾಮಾನ್ಯವೆ?

ಆ ಸಾಹಸಕ್ಕೆ ಪ್ರೇರಣೆ ಹಸಿವು. ಆದರೆ ಹಸಿದವರು ಒಬ್ಬರು, ಯೋಚಿಸಿದವರು ಮತ್ತೊಬ್ಬರು. ಜಮೈಕದ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಿಗೆ ಬೇಕಾದ ಆಹಾರದಲ್ಲಿ ಒಂದು ಪಾಲು ಉತ್ತರ ಅಮೇರಿಕದಿಂದ ಬರುತ್ತಿತ್ತು. ಅಮೇರಿಕದ ಸ್ವಾತಂತ್ರ್ಯಯುದ್ಧದಿಂದ ಆ ದಾರಿ ಕಟ್ಟಿತು. 1780ರಿಂದ ಮೇಲಿಂದ ಮೇಲೆ ಬೀಸಿದ ಚಂಡಮಾರುತಗಳು ಬಾಳೆಯ ತೋಟಗಳನ್ನು ನೆಲಸಮ ಮಾಡಿದುವು. ಆ ವರ್ಷದ ಕೊನೆಯಿಂದ 1787ರ ಮೊದಲವರೆಗೆ ಕ್ಷಾಮದಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸುಮಾರು 15,000 ಗುಲಾಮರು ಮಡಿದರೆಂದು ಜಮೈಕದ ಶಾಸನಸಭೆಯೇ ಲೆಕ್ಕ ಕೊಟ್ಟಿತು. ಧಣಿಗಳಿಗೆ ಅಗ್ಗದ ಅನ್ನವೊಂದು ಬೇಕಾಯಿತು. 1769ರಲ್ಲಿ ಕ್ಯಾಪ್ಟನ್ ಕುಕ್ಕನೊಡನೆ ತಾಹಿತಿಗೆ ಹೋಗಿ ಈ ಮರವನ್ನು ಕಣ್ಣಾರೆ ಕಂಡಿದ್ದ ಜೋಸೆಫ್ ಬ್ಯಾಂಕ್ಸನು ಅವರ ಬೇಡಿಕೆಗೆ ಬೆಂಬಲವಾದನು. ತಾಹಿತಿ ಭೂಮಧ್ಯರೇಖೆಯ ದಕ್ಷಿಣಕ್ಕೆ, ಜಮೈಕ ಉತ್ತರಕ್ಕೆ. ಆದರೆ ರೇಖೆಯಿಂದ ಎರಡೂ ಹೆಚ್ಚು ಕಡಮೆ ಒಂದೇ ದೂರದಲ್ಲಿವೆ. ಅಲ್ಲಿ ಬೆಳೆದುದು ಇಲ್ಲಿಯೂ ಬೆಳೆದೀತೆಂಬ ಎಣಿಕೆ ತಪ್ಪಾಗಿರಲಿಲ್ಲ.

ವಿಲಿಯಂ ಬ್ಲೈಯ ಕೈಯಲ್ಲಿ ಬೌಂಟಿಯೆಂಬ ಹಡಗು 1787ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟಿತು. ಹಡಗಿನ ದೊಡ್ಡ ಕೋಣೆ ನಾಯಕನಿಗಲ್ಲ, ಸಸಿಗಳಿಗೆ ಮೀಸಲಾಯಿತು. ನೆಲಕ್ಕೆ ಸೀಸದ ತಗಡು ಹೊದಿಸಿ, ಕುಂಡಗಳಿಂದ ಬಸಿದ ನೀರು ಪೀಪಾಯಿಗಳಿಗೆ ಇಳಿದು ಮತ್ತೆ ಉಪಯೋಗಕ್ಕೆ ಬರುವಂತೆ ಏರ್ಪಡಿಸಿದ್ದರು. ಹಾರ್ನ್ ಭೂಶಿರವನ್ನು ದಾಟಲಾರದೆ ಆಫ್ರಿಕದ ಕಡೆಗೆ ತಿರುಗಿದುದರಿಂದ ತಾಹಿತಿಯನ್ನು ಮುಟ್ಟುವಾಗ 1788ರ ಅಕ್ಟೋಬರ್ ಬಂದಿತ್ತು. ಕುಡಿಗಳು ಕುಂಡದಲ್ಲಿ ಬೇರೂರಬೇಕು, ಅನುಕೂಲವಾದ ಗಾಳಿಗೂ ಕಾಯಬೇಕು. ಹೀಗೆ ಐದು ತಿಂಗಳಿಗೂ ಮೀರಿ ಅಲ್ಲಿ ತಂಗಿದ ನಾವಿಕರೂ ಆ ನೆಲದಲ್ಲಿ ಬೇರೂರಿದರು! 1015 ಸಸಿಗಳೊಡನೆ ಹೊರಟ ಹಡಗಿನಲ್ಲಿ 1789ರ ಏಪ್ರಿಲ್ 28ರಂದು ದಂಗೆಯೆದ್ದಿತು. ಬ್ಲೈಯನ್ನೂ 18 ಜನರನ್ನೂ 23 ಅಡಿಯ ದೋಣಿಗಿಳಿಸಿ, ದಂಗೆಕೋರರು ಸಸಿಗಳನ್ನು ಸಮುದ್ರಕ್ಕೆಸೆದರು. ದೋಣಿ 47 ದಿನಗಳಲ್ಲಿ ತಿಮೋರನ್ನು ಸೇರಿತು. ಸಸಿಗಳನ್ನು ಸಾಕಿದ ಡೇವಿಡ್ ನೆಲ್ಸನ್ನನು ಅಲ್ಲಿಯೇ ಜ್ವರದಿಂದ ತೀರಿಕೊಂಡನು. ಬ್ಲೈ ಕ್ರೂರಿಯೋ ಅಲ್ಲವೋ ಎಂದು ಪಂಡಿತರು ಬಹುಕಾಲ ವಾದಿಸಿರುವರು. ನನ್ನ ಮಟ್ಟಿಗೆ, ಆ ವಾದದಲ್ಲಿ ಬೇರುಕುಡಿಯ ನಿಧಾನಕ್ಕೂ ಒಂದು ಪಾಲು ಸಲ್ಲಬೇಕು.

1791ರಲ್ಲಿ ಅದೇ ಬ್ಲೈ ಪ್ರಾವಿಡೆನ್ಸ್ ಎಂಬ ಹಡಗಿನಲ್ಲಿ ಮತ್ತೆ ಹೊರಟನು. ಈ ಸಲ ಏರಿಸಿದ ದೀವಿಹಲಸಿನ ಸಸಿಗಳು 2126. ಎಲೆಗಳ ಮೇಲೆ ಕೂತ ಉಪ್ಪನ್ನು ತೊಳೆಯಲೂ ಸಿಹಿನೀರೇ ಬೇಕು. ಆದುದರಿಂದ ಜನರಿಗೆ ಅಳತೆಯ ನೀರು, ಗಿಡಗಳಿಗೆ ಬೇಕಾದಷ್ಟು. ತೋಟಗಾರನ ಕೊಡದಿಂದ ಮೆಟ್ಟಿಲಿಗೆ ತೊಟ್ಟಿಕ್ಕಿದ ಹನಿಗಳನ್ನು ನಾಲಗೆಯಿಂದ ನೆಕ್ಕುತ್ತಿದ್ದರೆಂದು, ಆ ಹಡಗಿನಲ್ಲಿದ್ದು ಮುಂದೆ ಆಸ್ಟ್ರೇಲಿಯದ ತೀರಶೋಧನೆಯಿಂದ ಪ್ರಸಿದ್ಧನಾದ ಮ್ಯಾಥ್ಯೂ ಫ್ಲಿಂಡರ್ಸನು ಹೇಳಿರುವನು. ಸಸಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿದು, 1793ರ ಜನವರಿಯಲ್ಲಿ ಸೇಂಟ್ ವಿನ್ಸೆಂಟ್ ದ್ವೀಪಕ್ಕೂ ಫೆಬ್ರವರಿಯಲ್ಲಿ ಜಮೈಕಕ್ಕೂ ಮುಟ್ಟಿದುವು. ಜಮೈಕದ ಸಭೆ ಬ್ಲೈಗೆ ಸಾವಿರ ಗಿನಿಗಳ ಬಹುಮಾನವಿತ್ತಿತು.

ಮರವು ಹೊಸ ನೆಲದಲ್ಲಿ ಚೆನ್ನಾಗಿಯೇ ಹಬ್ಬಿತು. ಆದರೆ ಯಾರ ಹೊಟ್ಟೆಗಾಗಿ ತಂದರೋ ಅವರ ರುಚಿಯನ್ನು ಯಾರೂ ಕೇಳಿರಲಿಲ್ಲ. ಗುಲಾಮರು ತಮ್ಮ ಪಾಲಿನ ತುಂಡುನೆಲದಲ್ಲಿ ತಾವೇ ಬೆಳೆದ ಬಾಳೆಕಾಯಿಯನ್ನೂ ಗೆಣಸನ್ನೂ ಬಿಟ್ಟು ಇದನ್ನು ಒಲ್ಲೆನೆಂದರು. ಕಾಯಿಗಳು ಹಂದಿಗಳ ಪಾಲಾದುವು. ಇದನ್ನು ಅವರ ಮೌಢ್ಯವೆನ್ನುವುದು ನ್ಯಾಯವಲ್ಲ. ಬಾಳೆ ವರ್ಷದೊಳಗೆ ಗೊನೆ ಹಾಕುವುದು, ಇದಾದರೋ ವರ್ಷಗಟ್ಟಲೆ ಕಾಯಿಸುವುದು. ಅದೂ ಧಣಿಯ ನೆಲದಲ್ಲಿ, ಧಣಿಯ ಲೆಕ್ಕಕ್ಕೆ. 1838ರಲ್ಲಿ ಪೂರ್ಣ ಬಿಡುಗಡೆಯಾಗಿ ಜನರು ತಮ್ಮ ಗುಡಿಸಿಲುಗಳ ಹಿತ್ತಿಲಲ್ಲಿ ತಮಗಾಗಿ ಗಿಡ ನೆಡುವ ಕಾಲ ಬಂದಿತು. ಕ್ರಮೇಣ ದೀವಿಹಲಸು ಅವರ ಮನೆಯ ಅನ್ನವಾಯಿತು. ಸೇಂಟ್ ವಿನ್ಸೆಂಟಿನಲ್ಲಿ 1765ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನದಲ್ಲಿ ಬ್ಲೈ ತಂದ ಸಸಿಯ ವಂಶದ್ದೆನ್ನಲಾದ ಮರವೊಂದನ್ನು ತೋರಿಸುವರು. ಕೆಂಡದಲ್ಲಿ ಸುಟ್ಟ ದೀವಿಹಲಸು, ಜೊತೆಗೆ ಕರಿದ ಮೀನು: ಇದೀಗ ಆ ದೇಶದ ರಾಷ್ಟ್ರೀಯ ಭೋಜನ.