ಬೆಲ್ಲದ ಗಾಣಕ್ಕೊಂದು ಗವಾಕ್ಷಿ

ಹುಮನಾಬಾದ್, ಬಸವಕಲ್ಯಾಣ ಭಾಗದ ಘಾಟಬೋರಾಳದಂಥ ಊರುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆ ಒಲೆಯ ನೆತ್ತಿಗೊಂದು ಕಿಂಡಿ ಬಿಡುವುದು ರೂಢಿ. ಗವಾಕ್ಷಿ, ಬೆಳಕಿಂಡಿ ಎಂದೆಲ್ಲ ಅದಕ್ಕೆ ಹೆಸರು. ಬೆಳಕು ಒಳಗೆ, ಹೊಗೆ ಹೊರಗೆ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಫರಸಿ ಕಲ್ಲು ಎಳೆಯಬೇಕು. ಒಂದು ಮನೆಯ ಒಲೆಗೆ ಇಷ್ಟು ಸಾಕು. ಇದೇ ಕಬ್ಬಿನ ಸೀಮೆಯ ಬೆಲ್ಲದ ಗಾಣಕ್ಕೆ ಎಷ್ಟು ದೊಡ್ಡ ಗವಾಕ್ಷಿ ಬೇಕಾದೀತು?

ಒಂದು ಟನ್ ಕಬ್ಬು ಅರೆದರೆ ಸುಮಾರು 600 ಲೀಟರ್ ಹಾಲು, ಅದನ್ನು ಕಾಯಿಸಿದರೆ ಸುಮಾರು 100 ಕಿಲೋ ಬೆಲ್ಲ. ಉಳಿದ 500 ಲೀಟರಿನಷ್ಟು ನೀರು ಆವಿಯಾಗಿ ಹೋಗಬೇಕು. ಒಂದು ಲೀಟರ್ ನೀರು ಕುದಿದು ಆವಿಯಾದಾಗ ಸುಮಾರು 1,700 ಲೀಟರಿನಷ್ಟು ಜಾಗ ಬೇಡುತ್ತದೆ. 30 ಅಡಿ ಉದ್ದ, 20 ಅಡಿ ಅಗಲ, 12 ಅಡಿ ಎತ್ತರದ ನಾಲ್ಕು ಶೆಡ್ಡುಗಳನ್ನು ತುಂಬಿ ಮಿಗುವಷ್ಟು ಆವಿ ಅದು!

ಬೆಲ್ಲ ನಮ್ಮಲ್ಲಿ ಬಹು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ‘ಗುಡ’ದ ಹೆಸರಿದೆ. ಆದರೂ ಆವಿ ಯಾರಿಗೂ ದೊಡ್ಡ ತೊಡಕಾಗಲಿಲ್ಲ. ಹಳೆಯ ಗಾಣಕ್ಕೆ ಗೋಡೆಯೇ ಇರಲಿಲ್ಲವಲ್ಲ! ಎತ್ತುಗಳು ಬಯಲಲ್ಲಿ ಸುತ್ತುತ್ತಿದ್ದವು, ಕೊಪ್ಪರಿಗೆಯ ಮೇಲೆ ಕಬ್ಬಿನ ಸೋಗೆಯ ಚಪ್ಪರ. ಆವಿ ಬದಿಗಳಿಂದಲೂ ಸೋಗೆಯ ಸಂದಿನಿಂದಲೂ ಹೊರಟುಹೋಗುತ್ತಿತ್ತು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ರೂಪುಗೊಂಡ ಕಬ್ಬಿಣದ ಗಾಣ ದೇಶದಲ್ಲೆಲ್ಲ ಹರಡಿತು. ಮುಂದೆ ಎಂಜಿನ್ನು, ವಿದ್ಯುತ್ತು ಬಂದವು. ಯಂತ್ರ ನೆಲಕ್ಕೆ ಕಚ್ಚಿಕೊಂಡ ಮೇಲೆ ಬೆಂಕಿಗೆ ಹೆದರದ ತಗಡಿನ ಮಾಡು ಬೇಕಾಯಿತು.

ತಗಡು ತನ್ನದೇ ತೊಂದರೆ ತಂದಿತು. ತಣ್ಣನೆಯ ತಗಡಿಗೆ ತಾಗಿದ ಆವಿ ಮತ್ತೆ ನೀರಾಗಿ, ಮಸಿ, ತುಕ್ಕು ತೊಳೆದುಕೊಂಡು ಕೊಪ್ಪರಿಗೆಗೇ ತೊಟ್ಟಿಕ್ಕುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಗೆ ಕವಿಯುವ ಮಬ್ಬು. ಬೆಲ್ಲದ ಹದಕ್ಕೆ ಬಂದ ಪಾಕದ ಕಾವು ಸುಮಾರು 118 ಡಿಗ್ರಿ ಸೆಲ್ಸಿಯಸ್. ಅದರ ಅಂಚಿನಲ್ಲಿ ನಿಂತು ಕೈಯಾಡಿಸುವವನಿಗೆ ಅಂಚೇ ಕಾಣದಿದ್ದರೆ ಗತಿಯೇನು?

ಇದೇ ತೊಂದರೆಯನ್ನು ಬೇರೊಂದು ಸಿಹಿಯ ನಾಡು ಬಹಳ ಹಿಂದೆಯೇ ಎದುರಿಸಿದೆ. ಕೆನಡಾ ಮತ್ತು ಅಮೆರಿಕದ ಈಶಾನ್ಯ ಭಾಗದಲ್ಲಿ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುತ್ತಾರೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ! ಹಿಮ ಕರಗುವ ಕಾಲದ ಕೆಲಸವಾದ್ದರಿಂದ ಅಲ್ಲಿ ಗೋಡೆ ಬೇಕೇ ಬೇಕು. ಅದಕ್ಕೇ ಮಾಡಿನ ನೆತ್ತಿಯನ್ನು ಕೊಯ್ದು, ಅದರ ಮೇಲೆ ಇನ್ನೊಂದು ಪುಟ್ಟ ಮಾಡನ್ನು ಎತ್ತಿ ನಿಲ್ಲಿಸುತ್ತಾರೆ. ಕ್ಯುಪೋಲ ಎಂದು ಅದರ ಹೆಸರು. ಕಿಂಡಿಯ ಉದ್ದ ಕಾಯಿಸುವ ತಟ್ಟೆಯ ಉದ್ದಕ್ಕಿಂತ ಕಡಿಮೆ ಇರಬಾರದೆಂಬುದು ಅಲ್ಲಿನ ವಾಡಿಕೆಯ ಅಳತೆ.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಲು ಕಾರಣರಾದ ಲೆಸ್ಲಿ ಕೋಲ್ಮನ್ ಅವರೂ ಆ ಮೇಪಲ್ ಸೀಮೆಯ ಒಂಟಾರಿಯೊದವರೇ ಎಂಬುದು ಸ್ವಾರಸ್ಯದ ಸಂಗತಿ. ಆದರೆ ಮಂಡ್ಯದಲ್ಲಾಗಲಿ, ಬೀದರ್ ನಿಜಾಮರ ರಾಜ್ಯದಲ್ಲಿದ್ದಾಗ ಬೋಧನದಲ್ಲಿ ಎದ್ದ ಕಾರ್ಖಾನೆಯಲ್ಲಾಗಲಿ ಈ ಕಿಂಡಿಯ ಪ್ರಶ್ನೆ ಬರಲಿಲ್ಲ. ಕಾರ್ಖಾನೆಯಲ್ಲಿ ರಸ ಕುದಿಯುವುದು ಮುಚ್ಚಿದ ಪಾತ್ರೆಗಳಲ್ಲಿ. ಒಂದರ ಆವಿಯೇ ಇನ್ನೊಂದನ್ನು ಕಾಯಿಸುತ್ತದೆ. ಗಾಣದವನ ಕೊಪ್ಪರಿಗೆ ಬಾಯಿ ತೆರೆದದ್ದು. ಪಾಕದ ಹದವನ್ನು ಅವನು ಕಣ್ಣಿನಿಂದಲೇ ನೋಡಬೇಕು.

ಹಾಗಾಗಿ ಅವನಿಗೆ ಉಳಿಯುವುದು ಮಾಡಿನ ದಾರಿ. ಕೊಪ್ಪರಿಗೆ 8 ಅಡಿ ಅಗಲವಿದ್ದರೆ ಅದರ ನೇರಕ್ಕೆ ಕಿಂಡಿಯೂ 8 ಅಡಿಗೆ ಕಡಿಮೆ ಇರದಿರಲಿ. ಮೇಲಿನ ಪುಟ್ಟ ಮಾಡು ಎಲ್ಲ ಕಡೆ ಒಂದಿಷ್ಟು ಹೊರಚಾಚಲಿ, ಇಲ್ಲವಾದರೆ ಅಕಾಲದ ಮಳೆ ನೇರ ಪಾಕಕ್ಕೆ. ಗೋಡೆಯ ಬುಡದಲ್ಲಿ ಗಾಳಿ ಒಳಬರಲು ಜಾಗವಿಲ್ಲದಿದ್ದರೆ ಮೇಲೆ ಎಷ್ಟು ಕೊಯ್ದರೂ ಆವಿ ಸರಾಗವಾಗಿ ಏಳದು. ಕಿಂಡಿಯ ಎರಡೂ ಮಗ್ಗುಲಿಗೆ ತಿರುಗಣಿಯ ಬಾಗಿಲು ಕೂರಿಸಿ, ಗಾಳಿ ಬೀಸುವ ಕಡೆಯದನ್ನು ಮುಚ್ಚಿ ಎದುರಿನದನ್ನು ತೆರೆಯಬೇಕು. ಬಾಗಿಲಿಗೆ ಕಟ್ಟಿದ ಹಗ್ಗ ಕೆಳಗಿನವರೆಗೂ ಇಳಿದಿದ್ದರೆ, ಮಳೆ ಹನಿದಾಗ ಯಾರೂ ಮಾಡು ಹತ್ತಬೇಕಿಲ್ಲ.